ಸತುವಿನ ಕೊರತೆ, ಹೃದಯಾಘಾತ: ಒಂದು ಹಳೆಯ ಪ್ರಶ್ನೆ

ಬೆಳ್ಳಾವಿ ಹೋಬಳಿಯ ರೈತರಿಗೆ ಸತು ಹೊಸದಲ್ಲ, ಗೊಬ್ಬರದಂಗಡಿಯಲ್ಲಿ ಅದರ ಹೆಸರು ಜಿಂಕ್. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಡಿ ರಾಜ್ಯದ ಮಣ್ಣನ್ನು ಪರೀಕ್ಷಿಸಿದಾಗ, ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡಿತು. ಹೊಲದ ಈ ಕೊರತೆ ಮುದ್ದೆಗಿಳಿದು ಎದೆಯನ್ನೂ ಮುಟ್ಟುತ್ತದೆಯೇ? 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿ, ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದನ್ನು ನೋಡಿದ್ದೇವೆ. ಅಂಥ ಭಯದ ದಿನಗಳಲ್ಲಿ ಯಾವ ಮಾತ್ರೆಯಾದರೂ ಖರ್ಚಾಗುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಬುಡದಿಂದ ನೋಡಬೇಕು.

ಹೃದಯಾಘಾತವಾದವರ ರಕ್ತದಲ್ಲಿ ಸತು ಇಳಿಯುತ್ತದೆಂದು ಅಮೆರಿಕದ ವಾಕರ್, ಉಲ್ಮರ್, ವ್ಯಾಲಿ 1956ರಲ್ಲೇ ವರದಿ ಮಾಡಿದ್ದರು. ಆದರೆ ಮನುಷ್ಯನಿಗೆ ಸತುವಿನ ಕೊರತೆ ಬರಬಹುದೆಂಬ ಮಾತನ್ನೇ ಆಗ ಯಾರೂ ನಂಬುತ್ತಿರಲಿಲ್ಲ. ನಂಬಿಸಿದವರು ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಅವರ ಮುಂದೆ ಬಂದ 21 ವರ್ಷದ ಯುವಕ ಹತ್ತರ ಹುಡುಗನಂತಿದ್ದ. ಅವನ ಊಟ ಹುದುಗು ಬರಿಸದ ರೊಟ್ಟಿ, ಜೊತೆಗೆ ದಿನವೂ ಮಣ್ಣು ತಿನ್ನುವ ಚಟ. ಇದರ ಹಿಂದೆ ಸತುವಿನ ಕೊರತೆ ಇರಬಹುದೆಂದು 1961ರಲ್ಲಿ ಊಹಿಸಿದ ಪ್ರಸಾದ್, 1963ರ ಹೊತ್ತಿಗೆ ಈಜಿಪ್ಟಿನ ರೋಗಿಗಳಲ್ಲಿ ಅದನ್ನು ತೋರಿಸಿಕೊಟ್ಟರು. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಕರುಳಿನಲ್ಲಿ ಸತುವನ್ನು ಕಟ್ಟಿಹಾಕಿ, ಮೈಗೆ ಹತ್ತದಂತೆ ಮಾಡುತ್ತದೆ. ನಮ್ಮ ರಾಗಿಯಲ್ಲೂ ಫೈಟೇಟ್ ಇದೆ.

ಹೃದಯದ ವಿಚಾರ ಮಾತ್ರ ಅಡ್ಡದಾರಿ ಹಿಡಿಯಿತು. 1975ರಲ್ಲಿ ಲೆಸ್ಲಿ ಕ್ಲೆವೇ, ತಾಮ್ರಕ್ಕಿಂತ ಸತು ಅತಿಯಾದರೆ ಕೊಲೆಸ್ಟರಾಲ್ ಏರಿ ಹೃದ್ರೋಗ ಬರುತ್ತದೆಂದು ವಾದಿಸಿದರು. ಅಂದರೆ ಕೊರತೆಯಲ್ಲ, ಹೆಚ್ಚಳವೇ ಅಪರಾಧಿ! ಈ ಸಿದ್ಧಾಂತವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೂ ಅದು ಕೊಟ್ಟ ಎಚ್ಚರಿಕೆ ಪೊಳ್ಳಲ್ಲ. 1980ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರು ದಿನಕ್ಕೆ 160 ಮಿಲಿಗ್ರಾಂ ಸತುವನ್ನು ಐದು ವಾರ ನುಂಗಿದಾಗ, ಅವರ ಒಳ್ಳೆಯ ಕೊಲೆಸ್ಟರಾಲ್ ಸುಮಾರು ಕಾಲುಭಾಗ ಇಳಿಯಿತು. ಅತಿ ಸತು ತಾಮ್ರವನ್ನು ಕರುಳಿನಲ್ಲೇ ತಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗಂಡಸರಿಗೆ ಸೂಚಿಸಿದ್ದು ದಿನಕ್ಕೆ 17 ಮಿಲಿಗ್ರಾಂ ಮಾತ್ರ.

2007ರಲ್ಲಿ ಫಿನ್ಲೆಂಡಿನಿಂದ ಬಂದ ಅಧ್ಯಯನ ಮತ್ತೆ ಕೊರತೆಯ ಕಡೆ ಬೆರಳು ತೋರಿತು. ಒಂದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳನ್ನು ಏಳು ವರ್ಷ ಗಮನಿಸಿದಾಗ, ಮೊದಲೇ ಸತು ಕಡಿಮೆ ಇದ್ದವರಲ್ಲಿ ಹೃದಯಾಘಾತ ಹೆಚ್ಚು. ಆಘಾತಕ್ಕೆ ಮುಂಚೆಯೇ ಅಳೆದದ್ದು ಇದರ ಬಲ. ಆಘಾತದ ನಂತರ ಅಳೆದರೆ ಲೆಕ್ಕ ತಪ್ಪುತ್ತದೆ: ಉರಿಯೂತ ಎದ್ದಾಗ ಯಕೃತ್ತು ರಕ್ತದ ಸತುವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. 1956ರ ಇಳಿಕೆ ಬೆಂಕಿಯಲ್ಲ, ಹೊಗೆ ಇರಬಹುದು. ಮಧುಮೇಹಿಗಳ ಮೂತ್ರದಲ್ಲಿ ಸತು ಹೆಚ್ಚು ಸೋರಿಹೋಗುವುದರಿಂದ ಫಿನ್ಲೆಂಡಿನ ಅಂಕಿಯನ್ನೂ ಎಲ್ಲರಿಗೂ ಹೊಂದಿಸುವಂತಿಲ್ಲ. ಸತು ಕೊಟ್ಟು ಹೃದಯಾಘಾತ ತಡೆದೆವೆಂದು ತೋರಿಸಿದ ದೊಡ್ಡ ಪ್ರಯೋಗ ಇವತ್ತಿಗೂ ಇಲ್ಲ.

ಅಡುಗೆಮನೆಗೆ ಹತ್ತಿರದ ಕೆಲಸ ನಡೆದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ. ಕಲ್ಪನಾ ಪ್ಲಾಟೆಲ್, ಕೆ. ಶ್ರೀನಿವಾಸನ್ ಮತ್ತು ಸಂಗಡಿಗರು, ತಿಂದ ಕಾಳಿನಿಂದ ಎಷ್ಟು ಸತು ಬಿಡುಗಡೆಯಾಗುತ್ತದೆಂದು ಪ್ರಯೋಗಾಲಯದಲ್ಲಿ ಅಳೆದರು. ಏಕದಳ ಧಾನ್ಯಗಳಿಗಿಂತ ಬೇಳೆಕಾಳುಗಳು ಮೇಲು. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದಾಗ ಸತು ಹೆಚ್ಚು ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆರೆತರೂ ಹಾಗೆಯೇ ಎಂದು 2010ರಲ್ಲಿ ಪ್ರಕಟಿಸಿದರು. ಮುದ್ದೆಯ ಪಕ್ಕ ಬೆಳ್ಳುಳ್ಳಿ ಜಜ್ಜಿ ಹಾಕಿದ ಕಾಳಿನ ಸಾರು ಬೇಕೆನ್ನುವ ನಮ್ಮ ಸೀಮೆಯ ಹಟ ನನಗೆ ಈಗ ಇನ್ನಷ್ಟು ಇಷ್ಟವಾಗುತ್ತದೆ.

ಸತುವಿನ ಮಾತ್ರೆ ತನ್ನನ್ನು ಸಾಬೀತು ಮಾಡಿಕೊಂಡ ಜಾಗ ಬೇರೆಯೇ ಇದೆ. ಮಕ್ಕಳಿಗೆ ಭೇದಿಯಾದಾಗ ಒಆರ್‌ಎಸ್ ಜೊತೆ ಹತ್ತರಿಂದ ಹದಿನಾಲ್ಕು ದಿನ ಸತು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹೇಳಿತು. ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವುದು ಅದಕ್ಕೇ. ಭೇದಿ ನಿಂತಿತೆಂದು ನಾಲ್ಕನೆಯ ದಿನಕ್ಕೇ ಅದನ್ನು ಬಿಟ್ಟುಬಿಡಬಾರದು.