ಸ್ಟರ್ನ್, ನಿಕೊಲಸ್

ಬ್ರಿಟಿಷ್ ಅರ್ಥಶಾಸ್ತ್ರಜ್ಞ (ಜನನ 22 ಏಪ್ರಿಲ್ 1946, ಲಂಡನ್). ಸಾರ್ವಜನಿಕ ಹಣಕಾಸು, ತೆರಿಗೆ ಸುಧಾರಣೆ, ಗ್ರಾಮೀಣ ಬಡತನ ಮತ್ತು ಹವಾಮಾನ ನೀತಿ ಇವರ ಮುಖ್ಯ ಅಧ್ಯಯನ ಕ್ಷೇತ್ರಗಳು. 2006ರಲ್ಲಿ ಹೊರಬಂದ ‘ಸ್ಟರ್ನ್ ವರದಿ’ಯಿಂದ ಇವರ ಹೆಸರು ಜಗತ್ತಿಗೆಲ್ಲ ಪರಿಚಿತವಾಯಿತು. ಆ ವರದಿಯನ್ನು ಮಾತ್ರ ಬಲ್ಲವರಿಗೆ ಸ್ಟರ್ನ್ ಅರವತ್ತರ ಹರೆಯದಲ್ಲಿ ದಿಢೀರನೆ ಪರಿಸರದ ಕಡೆ ಹೊರಳಿದವರಂತೆ ತೋರುತ್ತದೆ. ಆದರೆ ಅದಕ್ಕೂ ಮುಂಚಿನ ಮೂವತ್ತೈದು ವರ್ಷಗಳ ಬರವಣಿಗೆಯನ್ನು ಜೊತೆಗಿಟ್ಟು ಓದಿದರೆ ಅಲ್ಲೆಲ್ಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಒಬ್ಬರಿಂದ ಪಡೆದು ಇನ್ನೊಬ್ಬರಿಗಾಗಿ ಖರ್ಚು ಮಾಡುವ ಸರ್ಕಾರ ಯಾರ ರೂಪಾಯಿಗೆ ಎಷ್ಟು ತೂಕ ಕೊಡಬೇಕು? ತೆರಿಗೆಯ ಲೆಕ್ಕದಲ್ಲಿ ಬಡವ ಮತ್ತು ಬಲ್ಲಿದರ ನಡುವೆ ಕೇಳಿದ ಪ್ರಶ್ನೆಯನ್ನೇ ಹವಾಮಾನದ ಲೆಕ್ಕದಲ್ಲಿ ಅವರು ಇಂದಿನವರು ಮತ್ತು ಇನ್ನೂ ಹುಟ್ಟದವರ ನಡುವೆ ಕೇಳಿದರು.

ಸ್ಟರ್ನ್ ಅವರ ತಂದೆ ಜರ್ಮನಿಯಿಂದ ನಿರಾಶ್ರಿತರಾಗಿ ಬಂದ ಯೆಹೂದಿ. ಮಗ ಕೇಂಬ್ರಿಜ್‌ನ ಪೀಟರ್‌ಹೌಸ್‌ನಲ್ಲಿ ಗಣಿತ ಓದಿ, ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಸಂಶೋಧನೆಗೆ ಸೇರಿದರು. ಮಾರ್ಗದರ್ಶಕರು ಜೇಮ್ಸ್ ಮಿರ್ಲೀಸ್. ಮುಂದೆ 1996ರಲ್ಲಿ ನೊಬೆಲ್ ಪಡೆದ ಮಿರ್ಲೀಸ್ ಆಗ ಆದಾಯ ತೆರಿಗೆ ಎಷ್ಟಿದ್ದರೆ ಸಮಾಜಕ್ಕೆ ಹಿತ ಎಂಬುದನ್ನು ಗಣಿತದ ಸಮಸ್ಯೆಯಾಗಿ ಬಿಡಿಸುತ್ತಿದ್ದ ಕಾಲ. ಅದೇ ದಿನಗಳಲ್ಲಿ ಸ್ಟರ್ನ್ ಕೀನ್ಯಾಕ್ಕೆ ಹೋಗಿ ಸಣ್ಣ ಹಿಡುವಳಿದಾರರ ಚಹಾ ಬೆಳೆಯನ್ನು ಅಧ್ಯಯನ ಮಾಡಿದರು. ಆ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಕಾಗದದ ಮೇಲೆ ಸಮೀಕರಣ, ಹೊಲದಲ್ಲಿ ಬೆಳೆಗಾರನ ಜೊತೆ ಮಾತು: ಈ ಎರಡನ್ನೂ ಅವರು ಮುಂದೆಯೂ ಬಿಡಲಿಲ್ಲ.

1970ರ ದಶಕದ ಅವರ ಲೇಖನಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಲೇಬೇಕು. ಮಿರ್ಲೀಸ್ ಅವರ 1971ರ ಲೆಕ್ಕಾಚಾರದಲ್ಲಿ ಸೂಕ್ತ ತೆರಿಗೆಯ ದರಗಳು ಅನೇಕರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಬಂದಿದ್ದವು. ತೆರಿಗೆ ಏರಿದಾಗ ಜನ ದುಡಿಮೆಯನ್ನು ಎಷ್ಟು ಕಡಿಮೆ ಮಾಡುತ್ತಾರೆ ಎಂಬ ಊಹೆಯ ಮೇಲೆ ಆ ಫಲಿತಾಂಶ ನಿಂತಿದೆಯೆಂದು 1976ರಲ್ಲಿ ಸ್ಟರ್ನ್ ತೋರಿಸಿದರು. ವಾಸ್ತವಕ್ಕೆ ಹತ್ತಿರವಾದ ಅಂಕಿ ಹಾಕಿ ನೋಡಿದಾಗ ದರ ಶೇ. 54ರ ಆಸುಪಾಸಿಗೆ ಬಂತು. ಮರುವರ್ಷದ ಲೇಖನದಲ್ಲಿ, ಆದಾಯ ಹೆಚ್ಚಿದಂತೆ ಇನ್ನೊಂದು ಪೌಂಡಿನ ಬೆಲೆ ಮನುಷ್ಯನಿಗೆ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಬ್ರಿಟನ್ನಿನ ತೆರಿಗೆ ಕೋಷ್ಟಕಗಳಿಂದಲೇ ಹೆಕ್ಕಿ ತೆಗೆಯಲು ಯತ್ನಿಸಿದರು. ಅವರಿಗೆ ಸಿಕ್ಕ ಉತ್ತರ 2ಕ್ಕೆ ತೀರ ಹತ್ತಿರವಿತ್ತು. ಅಂದರೆ ಆದಾಯ ಇಮ್ಮಡಿಯಾದವನಿಗೆ ಹೆಚ್ಚುವರಿ ಪೌಂಡಿನ ಬೆಲೆ ಮೊದಲಿನ ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ದಶಕಗಳ ನಂತರ ಹವಾಮಾನ ವರದಿಯ ಸುತ್ತ ಎದ್ದ ವಾದದಲ್ಲಿ ಇದೇ ಅಳತೆ ಮತ್ತೆ ಎದ್ದು ನಿಂತಿತು.

ಭಾರತದೊಂದಿಗೆ ಅವರ ಗಾಢ ನಂಟು ಬೆಳೆದದ್ದು ಪಾಲನ್‌ಪುರದಲ್ಲಿ. ಇದು ಉತ್ತರ ಪ್ರದೇಶದ ಮುರಾದಾಬಾದ್ ಜಿಲ್ಲೆಯ ಸಣ್ಣ ಹಳ್ಳಿ, ಗುಜರಾತಿನ ಪಟ್ಟಣವಲ್ಲ. ದೆಹಲಿಯ ಕೃಷಿ ಅರ್ಥಶಾಸ್ತ್ರ ಸಂಶೋಧನ ಕೇಂದ್ರ 1957-58 ಮತ್ತು 1962-63ರಲ್ಲಿ ಇಲ್ಲಿ ಸಮೀಕ್ಷೆ ನಡೆಸಿತ್ತು. 1974-75ರಲ್ಲಿ ಸ್ಟರ್ನ್ ಮತ್ತು ಕ್ರಿಸ್ಟಫರ್ ಬ್ಲಿಸ್ ಅದೇ ಊರನ್ನು ಆಯ್ದುಕೊಂಡು ಮನೆಮನೆಯ ಲೆಕ್ಕ ಬರೆದರು. ಗೋಧಿ, ಕಬ್ಬು ಅಲ್ಲಿನ ಮುಖ್ಯ ಬೆಳೆಗಳು. ಬಟಾಯಿಗೆ ಹಿಡಿದ ಹೊಲದಲ್ಲಿ ಅರ್ಧ ಫಸಲು ಒಡೆಯನ ಪಾಲಾಗುವುದರಿಂದ ರೈತ ಮನಸ್ಸಿಟ್ಟು ದುಡಿಯುವುದಿಲ್ಲ ಎಂಬುದು ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ ಬಂದ ವಾದ. ಪಾಲನ್‌ಪುರದ ಹೊಲಗಳಲ್ಲಿ ಸ್ವಂತ ನೆಲಕ್ಕೂ ಬಟಾಯಿ ನೆಲಕ್ಕೂ ಇಳುವರಿಯಲ್ಲಿ ಅಂಥ ಅಂತರ ಕಾಣಲಿಲ್ಲ. ಬೀಜ, ಗೊಬ್ಬರದ ಖರ್ಚನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಒಡೆಯನೂ ಅದೇ ಊರಿನವನಾಗಿ ದಿನವೂ ಹೊಲ ನೋಡುತ್ತಿದ್ದ. ಈ ಅಧ್ಯಯನ 1982ರಲ್ಲಿ ಪುಸ್ತಕವಾಯಿತು.

ಅಪರೂಪದ ಸಂಗತಿಯೆಂದರೆ ಪುಸ್ತಕ ಬಂದ ಮೇಲೂ ಅವರು ಊರನ್ನು ಬಿಡಲಿಲ್ಲ. 1983-84ರಲ್ಲಿ ಮತ್ತೊಂದು ಸಮೀಕ್ಷೆ ನಡೆಯಿತು. ಆಗ ಊರಿನಲ್ಲೇ ನೆಲೆಸಿ ಕೆಲಸ ಮಾಡಿದವರು ಬೆಲ್ಜಿಯಂ ಮೂಲದ ಜಾನ್ ದ್ರೇಜ್. ಮುಂದೆ ಭಾರತದ ಪೌರತ್ವ ಪಡೆದು, ಉದ್ಯೋಗ ಖಾತರಿ ಕಾನೂನಿನ ರಚನೆಯಲ್ಲಿ ದೊಡ್ಡ ಪಾತ್ರ ವಹಿಸಿದವರು. 1993ರಲ್ಲೂ, 2008ರಿಂದ 2010ರವರೆಗೂ ಸಮೀಕ್ಷೆಗಳು ಮುಂದುವರಿದವು. ಪೀಟರ್ ಲ್ಯಾಂಜೊ ಜೊತೆ 1998ರಲ್ಲಿ, ಹಿಮಾಂಶು ಮತ್ತು ಲ್ಯಾಂಜೊ ಜೊತೆ 2018ರಲ್ಲಿ ಮತ್ತೆರಡು ಗ್ರಂಥಗಳು ಬಂದವು. ನೀರಾವರಿ ಹರಡಿ ಬೇಸಾಯಗಾರ ಮುರಾವ್ ಜಾತಿಯವರು ಮೇಲೆ ಬಂದದ್ದು, ಆಮೇಲೆ ಹೊಲದಾಚೆಯ ಕೂಲಿ ಮತ್ತು ಪಟ್ಟಣದ ಕೆಲಸಗಳು ತೀರ ಕೆಳಗಿದ್ದ ಜಾಟವ ಕುಟುಂಬಗಳಿಗೂ ಒಂದಿಷ್ಟು ದಾರಿ ತೆರೆದದ್ದು, ಅದರ ಜೊತೆಯಲ್ಲೇ ಊರಿನೊಳಗೆ ಆದಾಯದ ಅಂತರ ಬೆಳೆದದ್ದು ಈ ಪುಸ್ತಕಗಳಲ್ಲಿ ದಾಖಲಾಗಿವೆ. ಒಂದೇ ಹಳ್ಳಿಯ ಬಹುತೇಕ ಎಲ್ಲ ಮನೆಗಳನ್ನೂ ಅರ್ಧ ಶತಮಾನಕ್ಕೂ ಮೀರಿ ಹಿಂಬಾಲಿಸಿದ ಇಂಥ ದಾಖಲೆ ಭಾರತದಲ್ಲಿ ವಿರಳ. ಸ್ಟರ್ನ್ ಅವರ ಕೆಲಸಗಳಲ್ಲಿ ಬಹುಕಾಲ ಉಳಿಯುವುದು ಬಹುಶಃ ಇದೇ.

1978ರಲ್ಲಿ ವಾರಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಸ್ಟರ್ನ್ ಅಲ್ಲಿ ಎಹ್ತಿಶಾಮ್ ಅಹ್ಮದ್ ಜೊತೆ ಭಾರತದ ಪರೋಕ್ಷ ತೆರಿಗೆಗಳನ್ನು ಕೈಗೆತ್ತಿಕೊಂಡರು. 1984ರಲ್ಲಿ ಪ್ರಕಟವಾದ ಅವರ ಲೇಖನ ಕೇಳುವ ಪ್ರಶ್ನೆ ತೀರ ಕೆಲಸದ್ದು. ಆದರ್ಶ ತೆರಿಗೆ ವ್ಯವಸ್ಥೆ ಯಾವುದು ಎಂದು ಅದು ಹುಡುಕುವುದಿಲ್ಲ. ಈಗಿರುವ ವ್ಯವಸ್ಥೆಯಲ್ಲಿ ಸರ್ಕಾರಕ್ಕೆ ಇನ್ನೊಂದು ರೂಪಾಯಿ ಬೇಕಾದರೆ, ಅದನ್ನು ಧಾನ್ಯದಿಂದ ತೆಗೆದರೆ ಸಮಾಜಕ್ಕೆ ಆಗುವ ನಷ್ಟವೆಷ್ಟು, ಬಟ್ಟೆಯಿಂದ ತೆಗೆದರೆ ಎಷ್ಟು, ಇಂಧನದಿಂದ ತೆಗೆದರೆ ಎಷ್ಟು? ನಷ್ಟ ಹೆಚ್ಚಿರುವ ಕಡೆ ತೆರಿಗೆ ಇಳಿಸಿ ಕಡಿಮೆಯಿರುವ ಕಡೆ ಏರಿಸಿದರೆ ಖಜಾನೆಗೆ ಕೊರತೆಯಾಗದೆ ಜನಹಿತ ಹೆಚ್ಚುತ್ತದೆ. ನಷ್ಟವನ್ನು ಅಳೆಯುವಾಗ ಪ್ರತಿ ಆದಾಯ ವರ್ಗಕ್ಕೂ ಒಂದು ತೂಕ ಇಡಬೇಕು. ಎಲ್ಲರ ರೂಪಾಯಿಯೂ ಸಮ ಎಂದುಕೊಂಡರೆ ಒಂದು ಉತ್ತರ. ಬಡವನ ರೂಪಾಯಿಗೆ ಹೆಚ್ಚು ತೂಕ ಕೊಡುತ್ತ ಹೋದಂತೆ ಧಾನ್ಯದ ಮೇಲಿನ ತೆರಿಗೆ ಸಮಾಜಕ್ಕೆ ದುಬಾರಿಯಾಗುತ್ತ ಹೋಗುತ್ತದೆ. ತೂಕ ಇಷ್ಟೇ ಇರಬೇಕೆಂದು ಲೇಖಕರು ಅಪ್ಪಣೆ ಕೊಡಿಸಲಿಲ್ಲ. ಬೇರೆ ಬೇರೆ ತೂಕಗಳನ್ನಿಟ್ಟು ಫಲಿತಾಂಶ ಹೇಗೆ ಬದಲಾಗುತ್ತದೆಂದು ತೆರೆದಿಟ್ಟರು.

ಈ ಸಂಶೋಧನೆಯ ಇನ್ನೊಂದು ಭಾಗ ‘ಪರಿಣಾಮಕಾರಿ ತೆರಿಗೆ’ಯ ಲೆಕ್ಕ. ಅಂದಿನ ಭಾರತದಲ್ಲಿ ಅಬಕಾರಿ ಸುಂಕ ಕಚ್ಚಾಸಾಮಗ್ರಿಯ ಮೇಲೂ ಬೀಳುತ್ತಿತ್ತು. ಕಡತದಲ್ಲಿ ವಿನಾಯಿತಿ ಪಡೆದ ಸರಕಿನೊಳಗೂ ರಾಸಾಯನಿಕದ ತೆರಿಗೆ, ಡೀಸೆಲ್ಲಿನ ತೆರಿಗೆ, ನೂಲಿನ ತೆರಿಗೆ ಅಡಗಿ ಕೂತಿರುತ್ತಿತ್ತು. ಉದ್ಯಮಗಳ ಪರಸ್ಪರ ಕೊಡುಕೊಳ್ಳುವಿಕೆಯ ಕೋಷ್ಟಕ ಹಿಡಿದು ಆ ಅಡಗಿದ ತೆರಿಗೆಯನ್ನು ಇವರಿಬ್ಬರೂ ಹೊರಗೆಳೆದರು. 1986ರ ಮಾಡ್‌ವ್ಯಾಟ್, 2017ರ ಜಿಎಸ್‌ಟಿ ಎಂಬ ತೆರಿಗೆ ಸುಧಾರಣೆಗಳು ಗುರಿಯಿಟ್ಟದ್ದು ಈ ತೆರಿಗೆಯ ಮೇಲಿನ ತೆರಿಗೆಯನ್ನೇ. ಕಲ್ಲಿದ್ದಲಿನ ಮೇಲೆ ಹಾಕಿದ ಸುಂಕ ವಿದ್ಯುತ್ತು, ಸಿಮೆಂಟು, ಉಕ್ಕಿನ ಮೂಲಕ ಕೊನೆಗೆ ಯಾವ ಮನೆಯ ಖರ್ಚಿಗೆ ತಗಲುತ್ತದೆ ಎಂದು ಇಂದು ತಿಳಿಯಬೇಕಾದವರಿಗೂ ಇದೇ ವಿಧಾನ ಬೇಕು. ಈ ಕೆಲಸವೆಲ್ಲ 1991ರ ಗ್ರಂಥವೊಂದರಲ್ಲಿ ಒಟ್ಟುಗೂಡಿದೆ. ಯೋಜನೆಗಳ ಸಾಮಾಜಿಕ ಲಾಭನಷ್ಟದ ಲೆಕ್ಕದ ಬಗ್ಗೆ ದ್ರೇಜ್ ಜೊತೆ 1987ರಲ್ಲಿ ಬರೆದ ದೀರ್ಘ ಲೇಖನವೂ ಸಾರ್ವಜನಿಕ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಆಧಾರ.

1986ರ ಹೊತ್ತಿಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1994ರಿಂದ 1999ರವರೆಗೆ ಯುರೋಪಿನ ಪುನರ್‌ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನಲ್ಲಿ, 2000ದಿಂದ 2003ರವರೆಗೆ ವಿಶ್ವಬ್ಯಾಂಕಿನಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದರು. ವಿಶ್ವಬ್ಯಾಂಕಿನಲ್ಲಿ ಜೋಸೆಫ್ ಸ್ಟಿಗ್ಲಿಟ್ಸ್ ನಂತರ ಆ ಕುರ್ಚಿಗೆ ಬಂದವರು ಇವರು. 2003ರಲ್ಲಿ ಬ್ರಿಟನ್ನಿಗೆ ಮರಳಿ ಅಲ್ಲಿನ ಹಣಕಾಸು ಇಲಾಖೆ ಸೇರಿದರು. ಪ್ರಧಾನಿ ಟೋನಿ ಬ್ಲೇರ್ 2004ರಲ್ಲಿ ರಚಿಸಿದ ಆಫ್ರಿಕ ಆಯೋಗದ ಸಂಶೋಧನೆಯ ಹೊಣೆಯೂ ಇವರದೇ ಆಗಿತ್ತು. ಆಫ್ರಿಕಕ್ಕೆ ವರ್ಷಕ್ಕೆ 25 ಶತಕೋಟಿ ಡಾಲರಿನಷ್ಟು ಹೆಚ್ಚಿನ ನೆರವು ಕೊಡಬೇಕು, ಬಡ ದೇಶಗಳ ಸಾಲ ಮನ್ನಾ ಆಗಬೇಕು ಎಂದು ಆಯೋಗ ಮಾರ್ಚ್ 2005ರಲ್ಲಿ ಹೇಳಿತು. ಅದೇ ವರ್ಷದ ಜುಲೈನಲ್ಲಿ ಗ್ಲೆನ್‌ಈಗಲ್ಸ್‌ನಲ್ಲಿ ಸೇರಿದ ಎಂಟು ಶ್ರೀಮಂತ ದೇಶಗಳ ನಾಯಕರು ಈ ಶಿಫಾರಸುಗಳ ಮೇಲೇ ಮಾತುಕತೆ ನಡೆಸಿದರು.

ಆ ಜುಲೈನಲ್ಲೇ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಹವಾಮಾನ ಬದಲಾವಣೆಯ ಅರ್ಥಶಾಸ್ತ್ರವನ್ನು ಪರಿಶೀಲಿಸುವ ಕೆಲಸವನ್ನು ಸ್ಟರ್ನ್ ಅವರಿಗೆ ಒಪ್ಪಿಸಿದರು. ಸುಮಾರು ಏಳುನೂರು ಪುಟಗಳ ವರದಿ 30 ಅಕ್ಟೋಬರ್ 2006ರಂದು ಹೊರಬಂತು. ಅದರ ಬುನಾದಿಯಲ್ಲಿರುವುದು ಆರ್ಥರ್ ಪಿಗೂ 1920ರಲ್ಲಿ ವಿವರಿಸಿದ್ದ ತತ್ತ್ವ: ಹೊಗೆ ಬಿಡುವವನು ಅದರಿಂದ ಇತರರಿಗಾಗುವ ಹಾನಿಯ ಬೆಲೆ ತೆರುವುದಿಲ್ಲವಾದರೆ ಹೊಗೆ ಅತಿಯಾಗುತ್ತದೆ, ಆ ಬೆಲೆಯನ್ನು ತೆರಿಗೆಯಾಗಿ ಹಾಕಬೇಕು. ಹಸಿರುಮನೆ ಅನಿಲಗಳ ವಿಷಯದಲ್ಲಿ ಹಾನಿ ಇಡೀ ಭೂಮಿಗೆ, ನೂರಾರು ವರ್ಷಗಳವರೆಗೆ ಹರಡುವುದರಿಂದ ಮಾರುಕಟ್ಟೆಯ ವೈಫಲ್ಯಗಳಲ್ಲಿ ಇದೇ ಅತಿ ದೊಡ್ಡದೆಂದು ಸ್ಟರ್ನ್ ವಾದಿಸಿದರು. ಏನೂ ಮಾಡದೆ ಕೂತರೆ ಆಗುವ ನಷ್ಟ, ಪ್ರತಿ ವರ್ಷವೂ ಎಂದೆಂದಿಗೂ ಜಗತ್ತಿನ ಉತ್ಪನ್ನದ ಕನಿಷ್ಠ ಶೇ. 5ನ್ನು ಕಳೆದುಕೊಂಡಷ್ಟು, ಇನ್ನಷ್ಟು ಅಪಾಯಗಳನ್ನು ಸೇರಿಸಿದರೆ ಶೇ. 20ರಷ್ಟೂ ಆಗಬಹುದು. ತಡೆಯುವ ಖರ್ಚು ಸುಮಾರು ಶೇ. 1. ಈ ಖರ್ಚಿನ ಅಂದಾಜನ್ನು 2008ರಲ್ಲಿ ಅವರೇ ಶೇ. 2ಕ್ಕೆ ಏರಿಸಿದರು. ಇಂಗಾಲಕ್ಕೆ ಬೆಲೆ, ಹೊಸ ತಂತ್ರಜ್ಞಾನಕ್ಕೆ ಬೆಂಬಲ, ಇಂಧನ ಉಳಿತಾಯಕ್ಕಿರುವ ಅಡ್ಡಿಗಳ ನಿವಾರಣೆ, ಇವು ವರದಿ ಸೂಚಿಸಿದ ದಾರಿಗಳು. ಅರಣ್ಯನಾಶ ನಿಲ್ಲಿಸುವುದು ಕಡಿಮೆ ಖರ್ಚಿನ ದೊಡ್ಡ ಉಪಾಯವೆಂದೂ ಅದು ಒತ್ತಿ ಹೇಳಿತು.

ವಾದ ಎದ್ದದ್ದು ಡಿಸ್ಕೌಂಟ್ ದರದ ಮೇಲೆ, ಅಂದರೆ ಮುಂದಿನ ಕಾಲದ ನಷ್ಟವನ್ನು ಇಂದಿನ ಹಣಕ್ಕೆ ಇಳಿಸಿ ನೋಡುವ ದರದ ಮೇಲೆ. ಈ ದರದಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ಮುಂದೆ ಬರುವವರು ಎಂಬ ಒಂದೇ ಕಾರಣಕ್ಕೆ ಅವರ ಹಿತಕ್ಕೆ ಕಡಿಮೆ ಬೆಲೆ ಕಟ್ಟುವುದು. ಇದು ನೈತಿಕವಾಗಿ ಸಲ್ಲದೆಂದು ಫ್ರ್ಯಾಂಕ್ ರ‍್ಯಾಮ್ಸೆ 1928ರಲ್ಲೇ ಬರೆದಿದ್ದರು. ಸ್ಟರ್ನ್ ಅದನ್ನು ವರ್ಷಕ್ಕೆ ಶೇ. 0.1ಕ್ಕೆ ಇಳಿಸಿದರು, ಅದೂ ಮನುಕುಲವೇ ಅಳಿದುಹೋಗುವ ಸಣ್ಣ ಸಾಧ್ಯತೆಗಾಗಿ. ಎರಡನೆಯದು, ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ ಎಂಬ ನಿರೀಕ್ಷೆ. ಇಲ್ಲಿ ಬೇಕಾಗುವುದು 1977ರ ಲೇಖನದ ಅದೇ ಅಳತೆ. ವರದಿ ಅದನ್ನು 1 ಎಂದು ತೆಗೆದುಕೊಂಡಿತು. ತಲಾ ಬಳಕೆ ಶೇ. 1.3ರಂತೆ ಬೆಳೆದರೆ ಒಟ್ಟು ದರ ಶೇ. 1.4. ಯೇಲ್ ವಿಶ್ವವಿದ್ಯಾಲಯದ ವಿಲಿಯಂ ನಾರ್ಡ್‌ಹೌಸ್, ಮಾರುಕಟ್ಟೆಯಲ್ಲಿ ಜನ ನಿಜವಾಗಿ ನಡೆದುಕೊಳ್ಳುವ ರೀತಿಗೆ ದರ ಹೊಂದಬೇಕೆಂದು ಹೇಳಿ ಸುಮಾರು ಶೇ. 5.5ನ್ನು ಮುಂದಿಟ್ಟರು. ನೂರು ವರ್ಷಗಳ ನಂತರದ ನೂರು ರೂಪಾಯಿ ನಷ್ಟ ಮೊದಲ ದರದಲ್ಲಿ ಇಂದು ಸುಮಾರು 25 ರೂಪಾಯಿಗೆ ಸಮ. ಎರಡನೆಯದರಲ್ಲಿ 50 ಪೈಸೆಗೂ ಕಡಿಮೆ. ಈಗಲೇ ಬಿಗಿ ಕ್ರಮ ಬೇಕೋ, ಮೆಲ್ಲಗೆ ಹೆಜ್ಜೆಯಿಟ್ಟರೆ ಸಾಕೋ ಎಂಬ ಇಡೀ ಭಿನ್ನಾಭಿಪ್ರಾಯ ಬಹುಮಟ್ಟಿಗೆ ಈ ಒಂದು ಅಂಕಿಯೊಳಗಿದೆ.

ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಎತ್ತಿದ ಆಕ್ಷೇಪ ಇನ್ನೂ ಸೂಕ್ಷ್ಮ. ಮುಂದಿನವರನ್ನು ಸಮಾನರೆಂದು ಕಾಣುವ ವರದಿ, ಬಡವ ಬಲ್ಲಿದರ ನಡುವಿನ ಅಂತರಕ್ಕೆ ಕೊಟ್ಟ ತೂಕ ತೀರ ಕಡಿಮೆಯಾಯಿತು. 1ರ ಬದಲು 2 ಅಥವಾ ಅದಕ್ಕೂ ಹೆಚ್ಚಿರಬೇಕಿತ್ತು ಎಂಬುದು ಅವರ ನಿಲುವು. ಸ್ಟರ್ನ್ ಅವರ ಹಳೆಯ ಅಂದಾಜೇ 2ರ ಬಳಿಯಿತ್ತೆಂದು ನೆನೆದರೆ ಈ ಟೀಕೆಯಲ್ಲಿ ಬಲವಿದೆ. ಮಾರ್ಟಿನ್ ವೈಟ್ಜ್‌ಮನ್ ಬೇರೊಂದು ಬಾಗಿಲು ತೆರೆದರು: ದರದ ಆಯ್ಕೆ ಏನೇ ಇರಲಿ, ತಾಪಮಾನ ಊಹೆಗೂ ಮೀರಿ ಏರುವ ಸಣ್ಣ ಸಾಧ್ಯತೆಯೊಂದೇ ತ್ವರಿತ ಕ್ರಮಕ್ಕೆ ಸಾಕಷ್ಟು ಕಾರಣ. ಮುಂದಿನ ವರ್ಷಗಳಲ್ಲಿ ಸ್ಟರ್ನ್ ಕೂಡ ಅಪಾಯದ ಈ ವಾದಕ್ಕೆ ಹೆಚ್ಚು ಒತ್ತು ಕೊಟ್ಟರು. ಹಾನಿ ತೀವ್ರವಾದರೆ ಮುಂದಿನವರು ನಮಗಿಂತ ಬಡವರಾಗಿಯೂ ಇರಬಹುದು, ಆಗ ಡಿಸ್ಕೌಂಟ್ ದರ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂಬುದು ಅವರ ಉತ್ತರ. ನಾರ್ಡ್‌ಹೌಸ್‌ಗೆ 2018ರಲ್ಲಿ ನೊಬೆಲ್ ಬಂತು. ಆದರೆ ಬ್ರಿಟನ್ 2008ರಲ್ಲಿ ಹವಾಮಾನ ಕಾನೂನು ಮಾಡಿದಾಗ ಅದರ ಹಿನ್ನೆಲೆಯಲ್ಲಿದ್ದದ್ದು ಸ್ಟರ್ನ್ ವರದಿ.

2007ರಲ್ಲಿ ಲಾರ್ಡ್ಸ್ ಸಭೆಯ ಸದಸ್ಯರಾದರು. ಲಂಡನ್ ಸ್ಕೂಲಿನಲ್ಲಿ ಅವರು ಹಿಡಿದ ಪೀಠಕ್ಕೆ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಐ. ಜಿ. ಪಟೇಲ್ ಅವರ ಹೆಸರಿದೆ. ಪಟೇಲರು 1980ರ ದಶಕದಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅಲ್ಲಿ 2008ರಲ್ಲಿ ಸ್ಥಾಪನೆಯಾದ ಗ್ರ್ಯಾಂಥಮ್ ಸಂಶೋಧನ ಸಂಸ್ಥೆಯ ಅಧ್ಯಕ್ಷತೆಯನ್ನೂ ವಹಿಸಿಕೊಂಡರು. 2017ರಲ್ಲಿ ಸ್ಟಿಗ್ಲಿಟ್ಸ್ ಜೊತೆ ನಡೆಸಿದ ಆಯೋಗ, ಪ್ಯಾರಿಸ್ ಒಪ್ಪಂದದ ಗುರಿ ಮುಟ್ಟಲು 2020ರ ವೇಳೆಗೆ ಟನ್ ಇಂಗಾಲದ ಡೈಆಕ್ಸೈಡಿಗೆ 40ರಿಂದ 80 ಡಾಲರ್, 2030ಕ್ಕೆ 50ರಿಂದ 100 ಡಾಲರ್ ಬೆಲೆ ಬೇಕೆಂದಿತು. ಬೆಲೆಯೊಂದರಿಂದಲೇ ಎಲ್ಲ ಆಗದೆಂದೂ, ನಗರ, ಸಾರಿಗೆ, ವಿದ್ಯುತ್ ಜಾಲಗಳಲ್ಲಿ ಸಾರ್ವಜನಿಕ ಹೂಡಿಕೆ ಕೂಡಿಬರಬೇಕೆಂದೂ ಈ ಹಂತದ ಬರಹಗಳಲ್ಲಿ ಅವರು ಮತ್ತೆ ಮತ್ತೆ ಹೇಳುತ್ತಾರೆ.

ಭಾರತದ ಕಡೆಯಿಂದ ಕೇಳಿಬಂದ ನ್ಯಾಯದ ಪ್ರಶ್ನೆ ಸ್ಟರ್ನ್ ವರದಿಗಿಂತಲೂ ಹಳೆಯದು. ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ತಲಾ ಹೊರಸೂಸುವಿಕೆಯ ಲೆಕ್ಕ ಮುಂದಿಟ್ಟು, ಬದುಕಿಗಾಗಿ ಬಿಡುವ ಹೊಗೆಯನ್ನೂ ಭೋಗಕ್ಕಾಗಿ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದಿದ್ದರು. 2050ರ ಹೊತ್ತಿಗೆ ಜಗತ್ತಿನ ತಲಾ ಸರಾಸರಿ ಸುಮಾರು 2 ಟನ್ನಿಗೆ ಇಳಿಯಬೇಕೆಂದ ಸ್ಟರ್ನ್, ಹಿಂದೆ ಹೊಗೆ ಬಿಟ್ಟು ಸಿರಿವಂತರಾದ ದೇಶಗಳು ಮೊದಲು ಮತ್ತು ಹೆಚ್ಚು ಹೊರಬೇಕೆಂದು ಒಪ್ಪುತ್ತಾರೆ. ಆ ಹೊರೆಯನ್ನು ಹಣದಲ್ಲಿ ಹೇಳುವ ಕೆಲಸಕ್ಕೆ ವೆರಾ ಸೊಂಗ್ವೆ, ಅಮರ್ ಭಟ್ಟಾಚಾರ್ಯ ಅವರೊಡನೆ ಕೈಹಾಕಿದರು. ಚೀನಾ ಬಿಟ್ಟು ಉಳಿದ ಅಭಿವೃದ್ಧಿಶೀಲ ದೇಶಗಳಿಗೆ 2030ರ ವೇಳೆಗೆ ವರ್ಷಕ್ಕೆ ಸುಮಾರು 1 ಲಕ್ಷ ಕೋಟಿ ಡಾಲರ್, 2035ಕ್ಕೆ 1.3 ಲಕ್ಷ ಕೋಟಿ ಡಾಲರ್ ಹೊರಗಿನಿಂದ ಹರಿದು ಬರಬೇಕೆಂದು ಈ ತಂಡ ನವೆಂಬರ್ 2024ರಲ್ಲಿ ಅಂದಾಜು ಮಾಡಿತು. ಅದೇ ತಿಂಗಳು ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಮುಂದಾಳಾಗಿ ಕೂಡಿಸಿಕೊಡಲು ಒಪ್ಪಿದ್ದು 2035ರ ವೇಳೆಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್. ಅಷ್ಟು ಮೊತ್ತ 2030ಕ್ಕೇ ಬೇಕು, 2035ಕ್ಕೆ ಅದು 39 ಸಾವಿರ ಕೋಟಿಗೆ ಏರಬೇಕು ಎಂದು ತಂಡ ಸಮ್ಮೇಳನ ಮುಗಿಯುವ ಮುನ್ನವೇ ಹೇಳಿತ್ತು. ನಿರ್ಣಯ ಅಂಗೀಕಾರವಾದ ಕೂಡಲೇ ಭಾರತದ ಪ್ರತಿನಿಧಿ ಸಭೆಯಲ್ಲೇ ಎದ್ದು ಈ ಮೊತ್ತವನ್ನು ಒಪ್ಪುವುದಿಲ್ಲವೆಂದರು.