ಟೇಪ್ ಇಲ್ಲದ ಕ್ಯಾಸೆಟ್

ಹಳೆ ಜೀಪು, ವ್ಯಾನಿನ ಕ್ಯಾಸೆಟ್ ಪ್ಲೇಯರನ್ನು ಗುಜರಿಗೆ ಹಾಕುವ ಯೋಚನೆ ಇದ್ದರೆ ಮೊದಲು ಈ ಕತೆ ಓದಿ.

1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ ತಂದಿತು. 1979ರಲ್ಲಿ ಸೋನಿ ವಾಕ್‌ಮನ್ ಬಂತು. ಕಾರಿಗೂ ಕೈಗೂ ಒಂದೇ ಕ್ಯಾಸೆಟ್, ತಕರಾರಿರಲಿಲ್ಲ. ಕೈಯಲ್ಲಿ ಹಿಡಿಯುವ ಸಿಡಿ ಪ್ಲೇಯರ್ ಬಂದ ಮೇಲೆ ಕಷ್ಟ ಶುರುವಾಯಿತು. ಹೊರಗಿನ ವೈರು ಚುಚ್ಚಲು ಕಾರಿನ ಎಷ್ಟೋ ಸ್ಟೀರಿಯೊಗಳಲ್ಲಿ ತೂತೇ ಇರಲಿಲ್ಲ.

ಆಗ ಕೈಹಿಡಿದದ್ದು ಕ್ಯಾಸೆಟ್ ಅಡಾಪ್ಟರ್. ನೋಡಲು ಕ್ಯಾಸೆಟ್ಟೇ, ಒಳಗೆ ಟೇಪಿಲ್ಲ, ಬಾಲದಂತೆ ಒಂದು ವೈರು. ಅದರ 3.5 ಮಿ.ಮೀ. ಪಿನ್ನನ್ನು ಪ್ಲೇಯರಿನ ಹೆಡ್‌ಫೋನ್ ತೂತಿಗೆ ಹಾಕಬೇಕು. ಕಾರಿನ ಡೆಕ್ಕಿನ ಹೆಡ್ ಓದುವುದು ಟೇಪಿನಲ್ಲಿರುವ ಅಯಸ್ಕಾಂತದ ಏರಿಳಿತವನ್ನು. ಅಡಾಪ್ಟರಿನ ಪುಟ್ಟ ಕಾಯಿಲ್ ಹಾಡಿಗೆ ತಕ್ಕಂತೆ ಅದೇ ಏರಿಳಿತ ಹುಟ್ಟಿಸುತ್ತದೆ. ಡೆಕ್ ಮೋಸಹೋಗಿ ಹಾಡುತ್ತದೆ! ಟೇಪ್ ಓಡುತ್ತಿಲ್ಲವೆಂದು ಅದು ನಿಂತುಬಿಡದಿರಲಿ ಎಂದು ಒಳಗೆ ಹಲ್ಲುಚಕ್ರಗಳೂ ಇರುತ್ತವೆ. ಅವುಗಳ ಕಟಕಟ ಸದ್ದನ್ನು ಸಹಿಸಿಕೊಳ್ಳಬೇಕು, ಅಷ್ಟೆ.

2001ರ ಐಪಾಡಿಗೂ, ಆಮೇಲಿನ ಮೊಬೈಲಿಗೂ ಇದೇ ಉಪಾಯ ನಡೆಯಿತು. ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ಇತ್ತು. ಆದರೆ ಅದಕ್ಕೆ ಖಾಲಿ ಸ್ಟೇಷನ್ ಹುಡುಕಬೇಕು, ಪಟ್ಟಣ ಹತ್ತಿರವಾದರೆ ಬೇರೆ ಸ್ಟೇಷನ್ ನಡುವೆ ನುಗ್ಗುತ್ತದೆ. ನಮ್ಮನ್ನು ಕೇಳಿದರೆ ಅಡಾಪ್ಟರೇ ಮೇಲು.

2016ರಲ್ಲಿ ಐಫೋನ್ 7 ಹೆಡ್‌ಫೋನ್ ತೂತನ್ನೇ ಕೈಬಿಟ್ಟಿತು. ಈಗ ಬ್ಲೂಟೂತ್ ಇರುವ ಕ್ಯಾಸೆಟ್ ಅಡಾಪ್ಟರ್ ಸಿಗುತ್ತದೆ. ಅದಕ್ಕೆ ಬಾಲವೂ ಇಲ್ಲ.