ಬಸ್ಸು ಹತ್ತಬಲ್ಲ ರೋಗಿ: ನರಶಸ್ತ್ರಚಿಕಿತ್ಸೆಯ ಫಲಿತಾಂಶ ಅಳೆದ ಬಗೆ

ಕನಕಪುರ ತಾಲ್ಲೂಕಿನಲ್ಲಿ ಕಾವೇರಿ ಕಣಿವೆಯ ಕಡೆಗಿರುವ ಹೋಬಳಿ ಉಯ್ಯಂಬಳ್ಳಿ. ಲಕ್ವ ಹೊಡೆದವರಿಗೂ ಪಿಟ್ಸ್ ಬಂದವರಿಗೂ ಗಾಡಿಯಿಂದ ಬಿದ್ದು ತಲೆ ಒಡೆದುಕೊಂಡವರಿಗೂ ಈ ಕಡೆಯ ಊರುಗಳಿಂದ ಕೊನೆಯ ದಾರಿ ಬೆಂಗಳೂರಿನ ನರರೋಗ, ಮನೋರೋಗಗಳ ಆಸ್ಪತ್ರೆ ನಿಮ್ಹಾನ್ಸ್. ಮೊದಲ ಆಪರೇಷನ್ ಯಾರು, ಯಾವಾಗ ಮಾಡಿದರು ಎಂಬುದನ್ನು ವೈದ್ಯಕೀಯ ಇತಿಹಾಸ ಅಕ್ಕರೆಯಿಂದ ಬರೆದಿಟ್ಟುಕೊಂಡಿದೆ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದ ರೋಗಿಯ ಬದುಕನ್ನು ಅಳೆಯುವ ರೂಢಿ ಹೇಗೆ ಬಂತು ಎಂಬುದು ಈ ಲೇಖನದ ಪ್ರಶ್ನೆ.

ಬೆಂಗಳೂರಿನ ಮಟ್ಟಿಗೆ ಕಥೆ ಮಾನಸಿಕ ಆಸ್ಪತ್ರೆಯಿಂದಲೇ ಶುರುವಾಗುತ್ತದೆ. ಅದರ ಮುಖ್ಯಸ್ಥರಾಗಿದ್ದ ಎಂ.ವಿ. ಗೋವಿಂದಸ್ವಾಮಿ ಅವರು ಬಿ.ಎನ್. ಬಾಲಕೃಷ್ಣ ರಾವ್ ಅವರೊಡನೆ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಕುರಿತು 1944ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. ಈ ಚಿಕಿತ್ಸೆ ಕಂಡುಹಿಡಿದ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಆ ಕಾಲದಲ್ಲಿ ಎಲ್ಲೆಡೆ ಫಲಿತಾಂಶವೆಂದರೆ ಹೆಚ್ಚುಕಡಿಮೆ ಒಂದೇ: ರೋಗಿ ಶಾಂತನಾದನೇ? ಶಾಂತನಾದವನಲ್ಲಿ ಆಸೆ, ಹಟ, ನಗು ಎಷ್ಟು ಉಳಿಯಿತು ಎಂದು ಕೇಳುವುದು ತಡವಾಯಿತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಮಾತ್ರೆ ಬಂದ ಮೇಲೆ ಆ ಚಾಕು ಮೂಲೆಗೆ ಸೇರಿತು.

ಆ ಆಸ್ಪತ್ರೆಯ ಜೊತೆಗೇ ಬೆಳೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿದವರು ಆರ್. ಮಾರ್ತಾಂಡ ವರ್ಮ. ಎರಡೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆದಾಗ ಅವರೇ ಮೊದಲ ನಿರ್ದೇಶಕರು. ಪಾರ್ಕಿನ್‌ಸನ್ ರೋಗಕ್ಕೆ ಅವರದೇ ಒಂದು ವಿಧಾನವಿತ್ತು. ಬುರುಡೆ ಕೊರೆಯದೆ, ಅದರ ತಳದಲ್ಲಿ ಹುಟ್ಟಿನಿಂದಲೇ ಇರುವ ಅಂಡಾಕಾರದ ರಂಧ್ರದ ಮೂಲಕ ಸೂಜಿ ತೂರಿಸುವುದು. ಇಲ್ಲಿ ಫಲಿತಾಂಶ ಕಣ್ಣಿಗೇ ಬೀಳುವಂಥದ್ದು: ನಡುಗುವ ಕೈ ನಿಲ್ಲಬೇಕು. 1960ರ ದಶಕದ ಕೊನೆಗೆ ಲೆವೊಡೋಪಾ ಬಂದು ಇದನ್ನೂ ಹಿಂದೆ ಸರಿಸಿತು.

ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಕುತೂಹಲದ ಪುಟ ವೆಲ್ಲೂರಿನದು. ಸಿ.ಟಿ. ಸ್ಕ್ಯಾನ್ ಬಂದ ಹೊಸದರಲ್ಲಿ ಮೂರ್ಛೆಯಿಂದ ಬಂದವರ ಮಿದುಳಿನಲ್ಲಿ ಒಂಟಿ ಸಣ್ಣ ಗಂಟು ಕಂಡರೆ ಕ್ಷಯದ ಗಂಟೆಂದು ಬಗೆದು ತಿಂಗಳುಗಟ್ಟಲೆ ಔಷಧ ಕೊಡುತ್ತಿದ್ದರು. ಅಲ್ಲಿನ ನರಶಸ್ತ್ರಚಿಕಿತ್ಸಕರಾದ ಮ್ಯಾಥ್ಯೂ ಚಾಂಡಿ ಮತ್ತು ವೇದಾಂತಂ ರಾಜಶೇಖರ್ ಅವರು 1980ರ ದಶಕದ ಕೊನೆಗೆ ಅಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಹೆಚ್ಚಿನವು ಲಾಡಿಹುಳುವಿನ ಮರಿ ಸತ್ತು ಉಳಿದ ಗುರುತುಗಳು. ಬಹುಪಾಲು ತಾವಾಗಿಯೇ ಕರಗುವಂಥವು. ಆಮೇಲೆ ಬಂದ ಇಂಥ ಎಷ್ಟೋ ರೋಗಿಗಳು ಆಪರೇಷನ್ ಇಲ್ಲದೆ ಪಾರಾದರು. ಕೊಯ್ದೇ ಕೊಯ್ಯಬಾರದೆಂದು ಕಲಿತದ್ದು!

ಮೂರ್ಛೆಯ ಈ ಮಾತು ಹಳ್ಳಿಗಳಿಗೆ ದೂರದ ಸುದ್ದಿಯಲ್ಲ. ನಿಮ್ಹಾನ್ಸ್‌ನ ನರರೋಗ ತಜ್ಞೆ ಎಂ. ಗೌರಿದೇವಿ ಮತ್ತು ಜೊತೆಗಾರರು 1990ರ ದಶಕದಲ್ಲಿ ಬೆಂಗಳೂರು ನಗರ, ಗ್ರಾಮಾಂತರದ 1,02,557 ಜನರನ್ನು ಸಮೀಕ್ಷೆ ಮಾಡಿದಾಗ ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಹಳ್ಳಿಯಲ್ಲಿ ದುಪ್ಪಟ್ಟು.

ಇನ್ನು ಊರಿಗೆ ಹೋದ ರೋಗಿಯ ಬದುಕನ್ನು ಅಳೆಯುವ ಅಳತೆಗೋಲು ಬಂದದ್ದು ಗ್ಲಾಸ್ಗೋದಿಂದ. ಬ್ರಿಯಾನ್ ಜೆನೆಟ್, ಮೈಕೆಲ್ ಬಾಂಡ್ 1975ರಲ್ಲಿ ಮಿದುಳಿಗೆ ಪೆಟ್ಟಾದವರ ಗತಿಯನ್ನು ಸಾವಿನಿಂದ ಒಳ್ಳೆಯ ಚೇತರಿಕೆಯವರೆಗೆ ಐದು ದರ್ಜೆ ಮಾಡಿದರು. ಅದರಲ್ಲಿ 'ಮಧ್ಯಮ ಊನ'ಕ್ಕೆ ಒಂದು ಗುರುತು, ಒಬ್ಬರೇ ಬಸ್ಸಿನಲ್ಲಿ ಓಡಾಡಬಲ್ಲರೇ ಎಂಬುದು. ಚಾಕುವಿನ ಕೈಚಳಕ ಬಿಟ್ಟು ರೋಗಿಯ ದಿನಚರಿಗೆ ಕಣ್ಣು ಹಾಯಿಸಿದ ಈ ಗುರುತು ನನಗೆ ಇಷ್ಟ. ಆದರೆ ಅದು ಪೇಟೆಯವರು ಹಾಕಿದ ಗುರುತು. ನಮ್ಮ ರೇಷ್ಮೆ ಸೀಮೆಯಲ್ಲಿ ಹುಳು ಹಣ್ಣಾದ ದಿನ ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಮೈ ತಿಳಿಯಾಗುತ್ತದೆ. ತಡಮಾಡದೆ ಒಂದೊಂದಾಗಿ ಆರಿಸಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಬಿಡುತ್ತದೆ. ಬಲಗೈ ಬೆರಳಿನ ಹಿಡಿತ ಹೋದವನು ಕನಕಪುರದ ಬಸ್ಸನ್ನು ಹತ್ತಿಯಾನು. ಹುಳು ಹಿಸುಕದೆ ಎತ್ತಲಾರ.